ರೊಟ್ಟಿ ಮುರಿಯಬೇಕಾದದ್ದು ಆ್ಯಪೋ, ಮಗುವೋ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ನಾನು ಬಿಸಿಎ ಓದಿ, ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಊರಿಗೆ ಬಂದಿದ್ದೇನೆ. ನಮ್ಮ ಅಕ್ಕ ಸರ್ಕಾರಿ ಶಾಲೆಯಲ್ಲಿ 4 ಮತ್ತು 5ನೇ ತರಗತಿಗೆ ಗಣಿತ ಕಲಿಸುತ್ತಾಳೆ. ಇಬ್ಬರೂ ಸೇರಿ ಭಿನ್ನರಾಶಿಯ ಮೇಲೆ ಒಂದು ಮೊಬೈಲ್ ಆ್ಯಪ್ ಮಾಡಿದ್ದೇವೆ. 20 ಲೆವೆಲ್ ಇವೆ. ರೊಟ್ಟಿಯ ಚಿತ್ರ ಬರುತ್ತದೆ, ಕೆಲವು ತುಂಡಿಗೆ ಬಣ್ಣ ಇರುತ್ತದೆ, ಕೊಟ್ಟ ಮೂರು ಉತ್ತರದಲ್ಲಿ ಸರಿಯಾದದ್ದನ್ನು ಮುಟ್ಟಬೇಕು. ಮಕ್ಕಳಿಗೆ ಭಾಳ ಇಷ್ಟ. ಎಲ್ಲರೂ 20 ಲೆವೆಲ್ ಮುಗಿಸಿ ಸ್ಟಾರ್ ತಗೊಂಡಿದ್ದಾರೆ. ಆದರೆ ನೋಟ್‌ಬುಕ್ಕಿನಲ್ಲಿ 1/2 ದೊಡ್ಡದೋ 1/4 ದೊಡ್ಡದೋ ಅಂತ ಕೇಳಿದರೆ 1/4 ಅಂತ ಬರೆಯುತ್ತಾರೆ. ಗೆಳೆಯರು ‘ಇನ್ನಷ್ಟು ಆಟ ಹಾಕು’ ಅನ್ನುತ್ತಾರೆ. ಅಕ್ಕ ‘ನೀನು ಪಾಠ ಟಿಪ್ಪಣಿನೇ ಬರೆದಿಲ್ಲ’ ಅನ್ನುತ್ತಾಳೆ. ಪಾಠ ಯೋಜನೆ ಮಾಡುವ ಹಾಗೆ ಆ್ಯಪ್ ಯೋಜನೆ ಮಾಡಲು ಬರುತ್ತದಾ? ಎಲ್ಲಿಂದ ಶುರು ಮಾಡಬೇಕು? 6ನೇ ತರಗತಿಯ ಪಾಠವನ್ನೂ ಸೇರಿಸಬೇಕು ಅಂತ ಇದ್ದೇವೆ. ಸೇರಿಸಬಹುದಾ? ಆ್ಯಪ್ ಕಳಿಸಿದ್ದೇನೆ, ನೋಡಿ.

ಉತ್ತರ: ನಿಮ್ಮ ಅಕ್ಕ ಹೇಳಿದ್ದೇ ಸರಿ. ಗೆಳೆಯರ ಮಾತನ್ನು ಸ್ವಲ್ಪ ದಿನ ಪಕ್ಕಕ್ಕಿಡಿ.

ಆ್ಯಪನ್ನು ನನ್ನ ಫೋನಿಗೆ ಹಾಕಿಕೊಂಡು ಇಪ್ಪತ್ತೂ ಲೆವೆಲ್ ಆಡಿದೆ. ಚೆಂದ ಇದೆ. ರೊಟ್ಟಿಯ ಮೇಲೆ ಎಳ್ಳನ್ನೂ ಬಿಡಿಸಿದ್ದೀರಿ, ಸಜ್ಜಿ ರೊಟ್ಟಿ ಇರಬೇಕು. ಆಮೇಲೆ ಇನ್ನೊಂದು ಸಲ ಆಡಿದೆ, ಈ ಸಲ ಭಿನ್ನರಾಶಿ ಅಂದರೆ ಏನೆಂದೇ ಗೊತ್ತಿಲ್ಲದ ಮಗುವಿನ ಹಾಗೆ. ಬಣ್ಣದ ತುಂಡು ಎಣಿಸಿದೆ, ಅದು ಮೇಲಿನ ಅಂಕಿ. ಎಲ್ಲ ತುಂಡು ಎಣಿಸಿದೆ, ಅದು ಕೆಳಗಿನ ಅಂಕಿ. ಇಪ್ಪತ್ತೂ ಲೆವೆಲ್ ಪಾಸಾದೆ. ಒಂದೇ ಒಂದು ಕಡೆಯೂ ಯೋಚನೆ ಮಾಡಬೇಕಾಗಿ ಬರಲಿಲ್ಲ.

ಅಂದರೆ ನಿಮ್ಮ ಆ್ಯಪ್ ಕಲಿಸುತ್ತಿರುವುದು ಎಣಿಕೆ. ಅದು ಮಕ್ಕಳಿಗೆ 1ನೇ ತರಗತಿಯಿಂದಲೇ ಬರುತ್ತದೆ. ಅದಕ್ಕೇ ಅವರಿಗೆ ಅಷ್ಟು ಖುಷಿ. ಬರುವ ಕೆಲಸಕ್ಕೆ ಸ್ಟಾರ್ ಸಿಕ್ಕರೆ ಯಾರಿಗೆ ಬೇಡ? ನೋಟ್‌ಬುಕ್ಕಿನಲ್ಲಿ ಅಕ್ಕ ಕೇಳುವುದು ಬೇರೆ ಕೆಲಸ. ಅಲ್ಲಿ ಚಿತ್ರ ಇಲ್ಲ, ತುಂಡು ಇಲ್ಲ, ಎಣಿಸಲು ಏನೂ ಇಲ್ಲ. ಇನ್ನೊಂದು ವಿಷಯ ಗಮನಿಸಿ. ನಿಮ್ಮ ಆ್ಯಪ್‌ನಲ್ಲಿ ರೊಟ್ಟಿಯನ್ನು ಸಮನಾಗಿ ಮುರಿಯುವುದು ಆ್ಯಪ್, ಮಗು ಅಲ್ಲ. ಭಿನ್ನರಾಶಿಯಲ್ಲಿ ಕಷ್ಟದ ಕೆಲಸ ಅದೇ, ಅದನ್ನು ನೀವೇ ಮಾಡಿ ಮುಗಿಸಿದ್ದೀರಿ.

ಇದು ಕೋಡಿಂಗ್ ತಪ್ಪಲ್ಲ, ಯೋಜನೆಯ ತಪ್ಪು. ನೀವು ಶುರು ಮಾಡಿದ್ದು ಸ್ಕ್ರೀನಿನಿಂದ. ಪಾಠ ಯೋಜನೆ ಮಾಡುವವರು ಶುರು ಮಾಡುವುದು ಕೊನೆಯಿಂದ: ಎಲ್ಲ ಮುಗಿದ ಮೇಲೆ ಮಗು ಏನು ಮಾಡಬೇಕು? ನಿಮ್ಮ ವಿಷಯದಲ್ಲಿ ಇನ್ನೂ ನೇರವಾಗಿ ಕೇಳಬಹುದು. ಫೋನ್ ಕೆಳಗಿಟ್ಟ ಮೇಲೆ, ಬರೀ ಕಾಗದ ಪೆನ್ಸಿಲ್ ಕೈಯಲ್ಲಿ ಇಟ್ಟುಕೊಂಡು ಮಗು ಏನು ಮಾಡಿ ತೋರಿಸಬೇಕು? ಅದನ್ನು ಬರೆದಿಡುವ ತನಕ ಲ್ಯಾಪ್‌ಟಾಪ್ ತೆರೆಯಬೇಡಿ.

ಬರೆಯುವಾಗ ‘ಭಿನ್ನರಾಶಿ ಅರ್ಥ ಮಾಡಿಕೊಳ್ಳುತ್ತಾರೆ’ ಅಂತ ಮಾತ್ರ ಬರೆಯಬೇಡಿ. ಅರ್ಥ ಆಗಿದ್ದು ಹೊರಗೆ ಕಾಣುವುದಿಲ್ಲ. ಕಾಣುವ ಕೆಲಸ ಬರೆಯಿರಿ. ‘ಒಂದು ಪಟ್ಟಿಯನ್ನು ನಾಲ್ಕು ಸಮ ಪಾಲು ಮಾಡುತ್ತದೆ’, ‘1/2 ಮತ್ತು 1/4ರಲ್ಲಿ ಯಾವುದು ದೊಡ್ಡದು ಎಂದು ಹೇಳಿ, ಚಿತ್ರ ಬರೆದು ತೋರಿಸುತ್ತದೆ’, ‘12 ನಿಂಬೆಹಣ್ಣಿನ 1/3 ಭಾಗ ಎತ್ತಿಡುತ್ತದೆ’, ಹೀಗೆ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಅವರ ಜೊತೆಗಾರರು 1956ರಲ್ಲಿ ಕಲಿಕೆಯ ಗುರಿಗಳನ್ನು ಜ್ಞಾನ, ತಿಳುವಳಿಕೆ, ಅನ್ವಯ ಮುಂತಾಗಿ ಮೇಲೆ ಮೇಲೆ ಜೋಡಿಸಿದ್ದು, 2001ರಲ್ಲಿ ಅದನ್ನು ತಿದ್ದಿ ಗುರಿಗಳನ್ನೆಲ್ಲ ಕ್ರಿಯಾಪದಗಳಲ್ಲೇ ಹೇಳಿದ್ದು ಸುಮ್ನೆ ಅಲ್ಲ. ನಿಮ್ಮ ಅಕ್ಕನ ಟ್ರೇನಿಂಗ್ ಪುಸ್ತಕದಲ್ಲಿ ಇದೆಲ್ಲ ಇದ್ದೇ ಇರುತ್ತದೆ. ನಮ್ಮ ಶಾಲೆಗಳ ‘ಕಲಿಕಾ ಫಲ’ಗಳ ಪಟ್ಟಿಯೂ ಇದೇ ರೀತಿ ಬರೆದದ್ದು. ಅರ್ಧ, ಕಾಲು, ಮುಕ್ಕಾಲು 4ನೇ ತರಗತಿಯ ಪಟ್ಟಿಯಲ್ಲಿ ಬರುತ್ತವೆ. ಅಲ್ಲಿಂದ ನಾಲ್ಕೈದು ಸಾಲು ಎತ್ತಿಕೊಂಡರೆ ಅರ್ಧ ಕೆಲಸ ಆಯಿತು.

ಇನ್ನು ಪಠ್ಯಕ್ರಮ ಯೋಜನೆಯ ವಿಧಾನ. ಇದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ. 1949ರಲ್ಲಿ ಅಮೆರಿಕದ ಶಿಕ್ಷಣತಜ್ಞ ರಾಲ್ಫ್ ಟೈಲರ್ ನಾಲ್ಕು ಪ್ರಶ್ನೆ ಕೇಳಿದರು. ಗುರಿ ಯಾವುದು? ಆ ಗುರಿ ಮುಟ್ಟಲು ಮಕ್ಕಳಿಗೆ ಯಾವ ಅನುಭವ ಕೊಡಬೇಕು? ಆ ಅನುಭವಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು? ಗುರಿ ಮುಟ್ಟಿದ್ದು ಹೇಗೆ ಗೊತ್ತಾಗುತ್ತದೆ? ಇವತ್ತಿನ ಪಾಠ ಯೋಜನೆಗಳೆಲ್ಲ ಹೆಚ್ಚು ಕಡಿಮೆ ಇದೇ ಬುಡದಿಂದ ಚಿಗುರಿದವು. 1998ರ ಸುಮಾರಿಗೆ ಗ್ರಾಂಟ್ ವಿಗ್ಗಿನ್ಸ್ ಮತ್ತು ಜೇ ಮೆಕ್‌ಟೈ ಎಂಬ ಇಬ್ಬರು ನಾಲ್ಕನೇ ಪ್ರಶ್ನೆಯನ್ನು ಎರಡನೇ ಜಾಗಕ್ಕೆ ತಂದರು. ಗುರಿ ಬರೆದ ಕೂಡಲೇ ಪರೀಕ್ಷೆ ಬರೆಯಿರಿ, ಆಟ ಪಾಠ ಆಮೇಲೆ ಅಂದರು. ಆ್ಯಪ್ ಮಾಡುವವರಿಗೆ ಈ ಹಿಂದುಮುಂದಾದ ಕ್ರಮವೇ ವಾಸಿ. ಯಾಕೆಂದರೆ ನಿಮ್ಮ ಕಸುಬಿನಲ್ಲಿ ಆಟದ ಆಸೆ ಜಾಸ್ತಿ. ಚೆಂದದ ಅನಿಮೇಷನ್ ಒಂದು ಹೊಳೆಯಿತು ಅಂದರೆ ಮುಗಿಯಿತು, ಪಾಠವೇ ಅದರ ಹಿಂದೆ ಓಡುತ್ತದೆ.

ಹಿಲ್ಡಾ ಟಾಬಾ ಎಂಬ ಶಿಕ್ಷಣತಜ್ಞೆ ಇನ್ನೊಂದು ಮಾತು ಸೇರಿಸಿದರು. ಯೋಜನೆ ಮೇಲಿನಿಂದ ಇಳಿಯಬಾರದು, ತರಗತಿಯ ಶಿಕ್ಷಕರಿಂದ ಮೇಲಕ್ಕೆ ಹೋಗಬೇಕು. ಮೊದಲ ಹೆಜ್ಜೆ ಮಕ್ಕಳಿಗೆ ಏನು ಬೇಕಾಗಿದೆ ಎಂದು ಪತ್ತೆ ಮಾಡುವುದು. ಈ ವಿಷಯದಲ್ಲಿ ನೀವು ಪುಣ್ಯವಂತರು. ಬೆಂಗಳೂರಿನ ಕಂಪನಿಗಳು ದುಡ್ಡು ಕೊಟ್ಟು ಹುಡುಕುವ ವ್ಯಕ್ತಿ ನಿಮ್ಮ ಮನೆಯಲ್ಲೇ ಕೂತು ನೋಟ್‌ಬುಕ್ ತಿದ್ದುತ್ತಿದ್ದಾಳೆ. ಆ ನೋಟ್‌ಬುಕ್ಕಿನ ತಪ್ಪುಗಳೇ ನಿಮ್ಮ ಕಚ್ಚಾ ಮಾಲು.

ಆ ತಪ್ಪು ಎಲ್ಲಿ ಹುಟ್ಟುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಪಾಠ ಟಿಪ್ಪಣಿಯಲ್ಲಿ ‘ಪೂರ್ವಜ್ಞಾನ’ ಎಂಬ ಕಾಲಂ ಇರುತ್ತದೆ. ಹೆಚ್ಚಿನವರು ಅದನ್ನು ಕಾಟಾಚಾರಕ್ಕೆ ತುಂಬುತ್ತಾರೆ. ನಾನು ಇಂಡಿ ತಾಲ್ಲೂಕಿನಲ್ಲಿ ಶಿಕ್ಷಕಿಯಾಗಿದ್ದಾಗ ಒಂದು ದಿನ ಸುಮ್ನೆ ಕೇಳಿದೆ: ‘ಅಂಗಡಿಯಾಗ ಅರ್ಧ ಕಿಲೋ ಸಕ್ಕರಿ ಜಾಸ್ತಿನೋ, ಪಾವ್ ಕಿಲೋ ಜಾಸ್ತಿನೋ?’ ಪಾವ್ ಅಂದರೆ ಕಾಲು. ಇಡೀ ತರಗತಿ ನಕ್ಕಿತು. ಇದೂ ಒಂದು ಪ್ರಶ್ನೆನಾ ಅಂತ. ಮರುಕ್ಷಣ ಬೋರ್ಡಿನ ಮೇಲೆ 1/2, 1/4 ಬರೆದು ಯಾವುದು ದೊಡ್ಡದು ಅಂದೆ. ಹಿಂದಿನ ಸಾಲಿನ ಒಬ್ಬ ಎದ್ದು ನಿಂತ. ‘ನಾಕೇ ದೊಡ್ಡದಲ್ರೀ ಅಕ್ಕೋರ, ಎರಡಕ್ಕಿಂತ?’ ಅದೇ ಹುಡುಗ ಒಂದು ನಿಮಿಷದ ಹಿಂದೆ ಸಕ್ಕರೆಯ ಪ್ರಶ್ನೆಗೆ ನಕ್ಕವನು.

ಅವನಿಗೆ ಭಿನ್ನ ಗೊತ್ತಿಲ್ಲ ಅನ್ನಲು ಬರುವುದಿಲ್ಲ. ಪಾವ್ ಅಂದರೆ ಎಷ್ಟು ಎಂದು ಅವನ ಕೈಗೆ ಗೊತ್ತು, ಚೀಲದ ಭಾರ ಹೊತ್ತಿದ್ದಾನೆ. ಗೊತ್ತಿಲ್ಲದ್ದು ‘1/4’ ಎಂಬ ಗುರುತು ಆ ಪಾವ್‌ನದ್ದೇ ಹೆಸರು ಅನ್ನುವುದು. ಅವನ ಕಣ್ಣಿಗೆ ಅದು ಎರಡು ಬೇರೆ ಬೇರೆ ಅಂಕಿ, ನಡುವೆ ಒಂದು ಗೆರೆ. ನಿಮ್ಮ ಆ್ಯಪ್ ಆ ತಪ್ಪು ನೋಟವನ್ನು ತಿದ್ದುವುದಿಲ್ಲ, ಗಟ್ಟಿ ಮಾಡುತ್ತದೆ. ಮೇಲಿನದಕ್ಕೆ ಒಂದು ಎಣಿಕೆ, ಕೆಳಗಿನದಕ್ಕೆ ಇನ್ನೊಂದು ಎಣಿಕೆ ಅಂತ ಇಪ್ಪತ್ತು ಸಲ ರೂಢಿ ಮಾಡಿಸಿದ್ದೀರಿ.

ಹಾಗಾಗಿ ಶುರುವಿನ ಲೆವೆಲ್‌ಗಳಲ್ಲಿ ಅಂಕಿಯೇ ಬೇಡ. ತಕ್ಕಡಿ ಇರಲಿ, ಅರ್ಧ ಕಿಲೋ, ಪಾವ್ ಕಿಲೋ, ಮುಕ್ಕಾಲು ಕಿಲೋ ಎಂಬ ಮಾತು ಕೇಳಿಸಲಿ, ಧ್ವನಿ ಅಕ್ಕನದ್ದೇ ಇರಲಿ. ಮಗು ಮೊದಲು ತನಗೆ ಗೊತ್ತಿರುವುದನ್ನು ತೋರಿಸಲಿ. ಆಮೇಲೆ ಆ ಮಾತಿನ ಪಕ್ಕ 1/2, 1/4 ಬಂದು ಕೂರಲಿ. ಮೇಲಿನ ಅಂಕಿಗೆ ‘ಅಂಶ’, ಕೆಳಗಿನದಕ್ಕೆ ‘ಛೇದ’ ಎಂಬ ಹೆಸರು ಬೇಕು, ಪಠ್ಯಪುಸ್ತಕದಲ್ಲಿ ಇವೆ. ಆದರೆ ಅವು ಮೊದಲ ದಿನವೇ ಬಾಗಿಲಲ್ಲಿ ನಿಂತು ಮಗುವನ್ನು ಹೆದರಿಸುವುದು ಬೇಡ.

ಇನ್ನು ಕ್ರಮ. ಇದಕ್ಕೆ ಅಮೆರಿಕದವರನ್ನು ಕೇಳುವ ಅಗತ್ಯವಿಲ್ಲ, ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯೇ ಸಾಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿಕೊಂಡು ಬಂದ ಶಿಕ್ಷಕರಿಂದ ಶುರುವಾಗಿ, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಹಬ್ಬಿತು. ಅದರಲ್ಲಿ ಪಾಠ ಎಂಬುದೇ ಇಲ್ಲ. ಕಲಿಕಾ ಏಣಿ ಇದೆ, ಏಣಿಯಲ್ಲಿ ಮೈಲಿಗಲ್ಲುಗಳು, ಒಂದೊಂದು ಮೈಲಿಗಲ್ಲಿಗೂ ಕಾರ್ಡುಗಳು, ಕಾರ್ಡಿನ ಮೇಲೆ ಚಿತ್ರದ ಗುರುತು. ಮಗು ತನ್ನ ಕಾರ್ಡ್ ತಾನೇ ಹುಡುಕಿಕೊಂಡು ‘ತಟ್ಟೆ’ ಎಂದು ಕರೆಯುವ ತನ್ನ ಗುಂಪಿನಲ್ಲಿ ಕೂರುತ್ತದೆ. ಕಲಿತ ಮೇಲೆಯೇ ಮುಂದಿನ ಮೆಟ್ಟಿಲು. ಇದಕ್ಕಿಂತ ಆ್ಯಪ್‌ಗೆ ಹತ್ತಿರವಾದ ನಕ್ಷೆ ಎಲ್ಲಿ ಸಿಗುತ್ತದೆ ಹೇಳಿ? ಲೆವೆಲ್, ಐಕಾನ್, ಪ್ರೋಗ್ರೆಸ್ ಎಲ್ಲ ರಟ್ಟಿನಲ್ಲೇ ಮಾಡಿಟ್ಟಿದ್ದಾರೆ.

ಅದರಲ್ಲಿ ಅಕ್ಷರ ಕಲಿಸುವ ಕ್ರಮ ನೋಡಿ. ಅ ಆ ಇ ಈ ಅಲ್ಲ. ಮೊದಲಿಗೆ ರ, ಗ, ಸ, ದ, ಅ. ಐದೇ ಅಕ್ಷರ ಬಂದರೆ ಸಾಕು, ಮಗು ಸರ, ಅರಸ, ಅಗಸ, ಗರಗಸ ಓದಿಬಿಡುತ್ತದೆ. ಅ ಆ ಇ ಈ ಕಲಿತ ಮಗು ಅಷ್ಟು ಹೊತ್ತಿಗೆ ಒಂದು ಪದವನ್ನೂ ಓದಿರುವುದಿಲ್ಲ. ಹೇಳುವ ವಿಷಯ ಅದೇ, ಜೋಡಿಸಿದ ಕ್ರಮ ಬೇರೆ. ಈ ಜೋಡಣೆಯ ಕೆಲಸಕ್ಕೇ ಪಠ್ಯಕ್ರಮ ಯೋಜನೆ ಅನ್ನುವುದು. ಕನ್ನಡ ಅಕ್ಷರದ ಆ್ಯಪ್ ಮಾಡುವವರಲ್ಲಿ ಎಷ್ಟೋ ಜನ ಇವತ್ತಿಗೂ ಅ ಅಂದರೆ ಅಗಸ ಅಂತಲೇ ಶುರು ಮಾಡುವುದು ನೋಡಿದರೆ ಸಂಕಟ ಆಗುತ್ತದೆ, ಆದರೆ ಅದು ಇನ್ನೊಂದು ದಿನದ ಮಾತು.

ಭಿನ್ನರಾಶಿಯ ಏಣಿಯನ್ನು ನಾನಾದರೆ ಹೀಗೆ ಕಟ್ಟುತ್ತೇನೆ. ಮೊದಲ ಮೆಟ್ಟಿಲು, ಸಮ ಪಾಲು ಮತ್ತು ಸಮ ಅಲ್ಲದ ಪಾಲು. ಇಲ್ಲಿ ಮಗುವೇ ಬೆರಳಿನಿಂದ ಗೆರೆ ಎಳೆದು ರೊಟ್ಟಿ ಮುರಿಯಲಿ. ಗೆರೆ ಸೊಟ್ಟಾದರೆ ಸೊಟ್ಟಾಗಿಯೇ ಇರಲಿ, ಆ್ಯಪ್ ತಾನೇ ನೆಟ್ಟಗೆ ಮಾಡಬಾರದು. ಒಂದು ತುಂಡನ್ನು ಎಳೆದು ಇನ್ನೊಂದರ ಮೇಲೆ ಇಟ್ಟು ನೋಡಲು ಬಿಡಿ, ಹೊರಗೆ ಚಾಚಿದ್ದು ಮಗುವಿಗೇ ಕಾಣುತ್ತದೆ. ಎರಡನೆಯದು, ಆಗಲೇ ಹೇಳಿದ ಹಾಗೆ ಮಾತು ಮತ್ತು ಗುರುತು ಸೇರಿಸುವುದು. ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಸಣ್ಣ ರೊಟ್ಟಿಯ ಅರ್ಧ ಮತ್ತು ದೊಡ್ಡ ರೊಟ್ಟಿಯ ಅರ್ಧ ಒಂದೇನಾ? ‘ಯಾವುದರ’ ಅರ್ಧ ಎಂಬ ಪ್ರಶ್ನೆ ಇಲ್ಲಿ ಹುಟ್ಟದಿದ್ದರೆ ಮುಂದೆ ಎಲ್ಲ ಕಡೆ ಎಡವುತ್ತಾರೆ. ನಾಲ್ಕನೆಯದು, ಸಂಖ್ಯಾರೇಖೆ. ಐದನೆಯದು, ಹೋಲಿಕೆ. ಸಮಾನ ಭಿನ್ನ, ಗುಂಪಿನ ಭಾಗ, ಕೂಡುವುದು, ಇವೆಲ್ಲ ಆಮೇಲೆ.

ನಾಲ್ಕನೇ ಮೆಟ್ಟಿಲಿಗೆ ಬರುವ ಹೊತ್ತಿಗೆ ರೊಟ್ಟಿಯನ್ನು ಬಿಟ್ಟುಬಿಡಿ. ದುಂಡಗಿನದನ್ನು ಮೂರು ಸಮ ಪಾಲು ಮಾಡುವುದು ನನಗೂ ಬರುವುದಿಲ್ಲ. ಉದ್ದದ ಪಟ್ಟಿ ತಗೊಳ್ಳಿ, ಇಳಕಲ್ ಸೀರೆಯ ದಡಿಯ ಹಾಗೆ. ಅದನ್ನು ಮಡಚಬಹುದು, ಅಳೆಯಬಹುದು, ಕೊನೆಗೆ ಅದರ ಕೆಳಗೆ 0 ಮತ್ತು 1 ಬರೆದರೆ ಅದೇ ಸಂಖ್ಯಾರೇಖೆ. ‘1/4 ಎಲ್ಲಿದೆ, ಬೆರಳಿಟ್ಟು ತೋರಿಸು’ ಅನ್ನಿ. ಕೆಲವರು 1ರ ಆಚೆಗೆ ಹೋಗಿ, 4ರ ಕಡೆ ಬೆರಳಿಡಲು ನೋಡುತ್ತಾರೆ. ಇಲ್ಲಿ ಫೋನ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಬೆರಳು ಬಿದ್ದ ಜಾಗವನ್ನು ಅದು ಬರೆದಿಟ್ಟುಕೊಳ್ಳಬಲ್ಲದು. 40 ಮಕ್ಕಳ ಬೆರಳು ಎಲ್ಲಿ ಬಿತ್ತು ಎಂದು ಅಕ್ಕ ಒಬ್ಬಳೇ ನೋಡಲು ಆಗುವುದಿಲ್ಲ.

ಕ್ರಮದ ಬಗ್ಗೆ ಇನ್ನೊಂದೇ ಮಾತು. 1960ರಲ್ಲಿ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಸುರುಳಿ ಪಠ್ಯಕ್ರಮದ ವಿಚಾರ ಹೇಳಿದರು. ಒಂದೇ ವಿಷಯಕ್ಕೆ ಮತ್ತೆ ಮತ್ತೆ ಬರಬೇಕು, ಬಂದಾಗಲೆಲ್ಲ ಸ್ವಲ್ಪ ಆಳಕ್ಕೆ ಇಳಿಯಬೇಕು. ನಿಮ್ಮ ಆ್ಯಪ್‌ನಲ್ಲಿ ಲೆವೆಲ್ 3 ಮುಗಿದರೆ ಮುಗಿಯಿತು, ಮತ್ತೆ ಬರುವುದೇ ಇಲ್ಲ. ಲೆವೆಲ್ 9ರಲ್ಲಿ ಎರಡು ಪ್ರಶ್ನೆ ಲೆವೆಲ್ 3ರದ್ದು ಸೇರಿಸಿ. ಅಷ್ಟೇ ಕೆಲಸ.

ಈಗ ಪ್ರಶ್ನೆಗಳ ಕಡೆ ಬರೋಣ. ನನ್ನ ಅನುಭವದಲ್ಲಿ ಆ್ಯಪ್ ಸೋಲುವುದು ಇಲ್ಲೇ ಜಾಸ್ತಿ.

ಕೆಲವು ವರ್ಷದ ಹಿಂದೆ ವಿಜಯಪುರದಲ್ಲಿ ನಾವೊಂದು ಗುಂಪು ಟ್ಯಾಬ್‌ಗೆ ಗಣಿತದ ಪ್ರಶ್ನೆ ಬರೆದೆವು. ಪ್ರಶ್ನೆ ಬರೆದವಳು ನಾನೇ, ಹಾಗಾಗಿ ಬೇರೆ ಯಾರ ಮೇಲೂ ಹಾಕುವುದಿಲ್ಲ. ಮೂರು ಉತ್ತರ, ತಪ್ಪು ಮುಟ್ಟಿದರೆ ಅದು ಮಾಯ, ಮತ್ತೆ ಮುಟ್ಟಬಹುದು. ಮಗುವಿಗೆ ಬೇಜಾರಾಗಬಾರದು ಅಂತ ಹಾಗೆ ಮಾಡಿದ್ದೆ. ಒಂದು ಶಾಲೆಗೆ ನೋಡಲು ಹೋದಾಗ ಕಿಟಕಿ ಪಕ್ಕ ಕೂತ ಹುಡುಗಿಯೊಬ್ಬಳು ಹೊರಗೆ ಮೇಯುತ್ತಿದ್ದ ಆಡು ನೋಡುತ್ತಿದ್ದಳು. ಬೆರಳು ಮಾತ್ರ ಟ್ಯಾಬ್ ಮೇಲೆ ಟಕ್ ಟಕ್ ಟಕ್ ಅಂತ ಓಡುತ್ತಿತ್ತು. ಮೂರು ಸಲ ಮುಟ್ಟಿದರೆ ಒಂದಂತೂ ಸರಿ ಇದ್ದೇ ಇರುತ್ತದೆ ಎಂದು ಅವಳು ಕಂಡುಕೊಂಡಿದ್ದಳು. ನಮ್ಮ ರಿಪೋರ್ಟಿನಲ್ಲಿ ಅವಳೇ ಮೊದಲ ಸ್ಥಾನ. ನಿಮ್ಮ ಆ್ಯಪ್‌ನಲ್ಲೂ ಇದೇ ಇದೆ, ನಾನು ನೋಡಿದೆ.

ಲೆಕ್ಕ ಹಾಕಿ. ಎರಡೇ ಆಯ್ಕೆ ಇದ್ದು, ಸತತ ಐದು ಸರಿ ಬಂದರೆ ಪಾಸ್ ಅಂದರೆ, ಕಣ್ಣು ಮುಚ್ಚಿ ಒತ್ತುವವರಲ್ಲಿ 32ಕ್ಕೆ ಒಬ್ಬರು ಪಾಸಾಗುತ್ತಾರೆ. ಅಂದರೆ ತರಗತಿಗೆ ಒಬ್ಬರು. ನಾಲ್ಕು ಆಯ್ಕೆ ಕೊಟ್ಟರೆ 1024ಕ್ಕೆ ಒಬ್ಬರು. ಮತ್ತೆ ಮುಟ್ಟಲು ಬಿಡಿ, ಪರವಾಗಿಲ್ಲ. ಆದರೆ ಮುಂದಿನ ಮೆಟ್ಟಿಲಿಗೆ ಹೋಗಲು ಮೊದಲ ಸಲ ಮುಟ್ಟಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಆದರೆ ಆಯ್ಕೆ ಎಷ್ಟು ಅನ್ನುವುದಕ್ಕಿಂತ ಆಯ್ಕೆ ಯಾವುದು ಅನ್ನುವುದು ಮುಖ್ಯ. ನೀವು ತಪ್ಪು ಉತ್ತರಗಳನ್ನು ಕೋಡ್‌ನಲ್ಲಿ ಮನಸ್ಸಿಗೆ ಬಂದ ಹಾಗೆ ಹುಟ್ಟಿಸಿದ್ದೀರಿ ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಒಂದೊಂದು ತಪ್ಪು ಉತ್ತರದ ಹಿಂದೆಯೂ ಒಂದೊಂದು ತಪ್ಪು ಯೋಚನೆ ಇರಬೇಕು. ನಾಲ್ಕು ತುಂಡಿನಲ್ಲಿ ಒಂದಕ್ಕೆ ಬಣ್ಣ ಇದ್ದರೆ 1/3 ಎಂಬ ಆಯ್ಕೆ ಇರಲೇಬೇಕು. ಬಣ್ಣದ್ದು ಒಂದು, ಬಿಳಿಯದು ಮೂರು ಅಂತ ನೋಡುವ ಮಗು ಅದನ್ನೇ ಮುಟ್ಟುತ್ತದೆ. 1/2 + 1/4ಕ್ಕೆ 2/6 ಎಂಬ ಆಯ್ಕೆ ಬೇಕು, ಮೇಲೆ ಕೆಳಗೆ ಬೇರೆ ಬೇರೆ ಕೂಡಿದವರು ಅಲ್ಲಿ ಸಿಗುತ್ತಾರೆ.

ಹೋಲಿಕೆಯಲ್ಲಿ ಇನ್ನೂ ಜಾಣತನ ಬೇಕು. 3/4 ದೊಡ್ಡದೋ 1/2 ದೊಡ್ಡದೋ ಎಂದು ಕೇಳಿದಿರಿ ಅಂದುಕೊಳ್ಳಿ. ‘ದೊಡ್ಡ ಅಂಕಿ ಇದ್ದದ್ದೇ ದೊಡ್ಡದು’ ಎಂದು ನಂಬಿರುವ ಮಗು 3/4 ಅನ್ನುತ್ತದೆ. ಉತ್ತರ ಸರಿ, ಯೋಚನೆ ತಪ್ಪು, ನೀವು ಸ್ಟಾರ್ ಕೊಡುತ್ತೀರಿ. ಅದೇ ಮಗುವಿಗೆ 1/2, 1/4 ಕೊಟ್ಟರೆ ಸಿಕ್ಕಿಬೀಳುತ್ತದೆ. ಇನ್ನೊಂದು ಜಾತಿಯ ತಪ್ಪಿದೆ. ‘ಕೆಳಗಿನ ಅಂಕಿ ಸಣ್ಣದಾದರೆ ಭಿನ್ನ ದೊಡ್ಡದು’ ಎಂದು ಬಾಯಿಪಾಠ ಮಾಡಿದ ಮಗು 1/2, 1/4ರಲ್ಲಿ ಸರಿಯಾಗಿ ಹೇಳಿ, 3/4 ಮತ್ತು 1/2ರಲ್ಲಿ ತಪ್ಪುತ್ತದೆ. ಈಗ ನೋಡಿ, ಎರಡೂ ಪ್ರಶ್ನೆಯನ್ನು ಜೋಡಿಯಾಗಿ ಕೇಳಿದರೆ ಮೂರು ತರದ ಮಕ್ಕಳು ಬೇರೆ ಬೇರೆಯಾಗಿ ಕಾಣುತ್ತಾರೆ. ಎರಡೇ ಪ್ರಶ್ನೆ. ನಿಮ್ಮ ಇಪ್ಪತ್ತು ಲೆವೆಲ್ ಹೇಳದ್ದನ್ನು ಇವು ಹೇಳುತ್ತವೆ. ಹಾಗಾಗಿ ಸರಿ ತಪ್ಪು ಮಾತ್ರ ಉಳಿಸಿಕೊಳ್ಳಬೇಡಿ, ಯಾವ ಆಯ್ಕೆ ಮುಟ್ಟಿತು ಎಂದು ಉಳಿಸಿಕೊಳ್ಳಿ. ತಪ್ಪಾದಾಗ ‘ಟೊಂಯ್’ ಅನ್ನಿಸುವ ಬದಲು ಆ ತಪ್ಪಿಗೆ ತಕ್ಕ ಸ್ಕ್ರೀನ್ ತೋರಿಸಿ. 1/4 ದೊಡ್ಡದು ಅಂದವನಿಗೆ ಎರಡು ಪಟ್ಟಿ, ಅಥವಾ ಅದೇ ಸಕ್ಕರೆ ತಕ್ಕಡಿ.

ಪ್ರಶ್ನೆಪತ್ರಿಕೆ ತಯಾರಿಸುವ ಮೊದಲು ಶಿಕ್ಷಕರು ನೀಲನಕ್ಷೆ ಹಾಕುತ್ತಾರಲ್ವಾ, ಅಕ್ಕನಿಗೆ ಒಂದು ತೋರಿಸಲು ಹೇಳಿ. ಎಡಕ್ಕೆ ಘಟಕಗಳು, ಮೇಲೆ ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ. ಒಂದೊಂದು ಮನೆಯಲ್ಲಿ ಎಷ್ಟು ಪ್ರಶ್ನೆ ಎಂದು ತುಂಬುತ್ತಾರೆ. ನಿಮ್ಮ ಆ್ಯಪ್‌ನ ಎಲ್ಲ ಪ್ರಶ್ನೆಗಳನ್ನು ಅದರಲ್ಲಿ ಹಂಚಿ ನೋಡಿದೆ. ಎಲ್ಲವೂ ಒಂದೇ ಮನೆಯಲ್ಲಿ ಬಿದ್ದವು, ಉಳಿದ ಮನೆ ಖಾಲಿ. ಈ ಒಂದು ಹಾಳೆಯನ್ನು ಮೊದಲೇ ಹಾಕಿದ್ದರೆ ನಿಮಗೆ ಮೂರು ತಿಂಗಳು ಉಳಿಯುತ್ತಿತ್ತು.

ಫೋನ್ ಏನು ಮಾಡಬಾರದು ಎಂದೂ ಯೋಜನೆಯಲ್ಲಿ ಬರೆಯಿರಿ. ಕಾಗದವನ್ನು ಮೂರು ಸಮ ಮಡಿಕೆ ಮಾಡಲು ಕೂತಾಗ ಮಗು ಒದ್ದಾಡುತ್ತದೆ, ಆ ಒದ್ದಾಟವೇ ಕಲಿಕೆ. ಅದನ್ನು ಸ್ಕ್ರೀನಿಗೆ ತಂದರೆ ಸುಲಭ ಆಗಿ ಕೆಟ್ಟುಹೋಗುತ್ತದೆ. ‘ಫೋನ್ ಪಕ್ಕಕ್ಕಿಡು, ಹಳೇ ಪೇಪರ್ ತಗೊಂಡು ಮೂರು ಮಡಿಕೆ ಮಾಡು, ನಾಳೆ ಅಕ್ಕೋರಿಗೆ ತೋರಿಸು’ ಎಂಬ ಸ್ಕ್ರೀನ್ ನಿಮ್ಮ ಆ್ಯಪ್‌ನಲ್ಲಿ ಕನಿಷ್ಠ ನಾಲ್ಕು ಕಡೆ ಇರಲಿ. ಅಂಥ ಸ್ಕ್ರೀನ್ ಹಾಕಲು ಆ್ಯಪ್ ಮಾಡುವವರಿಗೆ ಮನಸ್ಸು ಬರುವುದಿಲ್ಲ. ಹಾಕಿ.

ಪಾಠ ಯೋಜನೆಯಲ್ಲಿ ಅವಧಿ ಲೆಕ್ಕ ಇರುತ್ತದೆ. ನಿಮ್ಮ ಅವಧಿ 40 ನಿಮಿಷದ ಪೀರಿಯಡ್ ಅಲ್ಲ. ಅಪ್ಪ ಹೊಲದಿಂದ ಬಂದು, ಊಟಕ್ಕೆ ಕೂತು, ಫೋನ್ ಕೈಗೆ ಕೊಟ್ಟ ಹತ್ತು ನಿಮಿಷ. ಅಷ್ಟರಲ್ಲಿ ಒಂದು ಕಾರ್ಡ್ ಮುಗಿಯಬೇಕು. ನಡುವೆ ಕರೆ ಬಂದರೆ ಬಿಟ್ಟಲ್ಲಿಂದ ಮತ್ತೆ ತೆರೆಯಬೇಕು. ನೆಟ್ ಇಲ್ಲದೆ ನಡೆಯಬೇಕು, ಇದಂತೂ ನಿಮಗೆ ಹೇಳಬೇಕಾಗಿಲ್ಲ. ಒಂದೇ ಫೋನಿನಲ್ಲಿ ಅಣ್ಣ, ತಂಗಿ ಇಬ್ಬರೂ ಆಡುತ್ತಾರೆ, ಹಾಗಾಗಿ ಮಗುವಿಗೊಂದು ಚಿತ್ರದ ಗುರುತು ಕೊಡಿ. ಇಲ್ಲದಿದ್ದರೆ 5ನೇ ತರಗತಿಯ ಅಣ್ಣ ಹತ್ತಿದ ಏಣಿಯ ತುದಿಯಲ್ಲಿ 4ನೇ ತರಗತಿಯ ತಂಗಿ ಹೋಗಿ ಕೂತಿರುತ್ತಾಳೆ.

ನಿಮ್ಮ ಭಾಗಕ್ಕೇ ಸೇರಿದ ಒಂದು ಸಂಗತಿ ಇದೆ. ಕಬ್ಬಿನ ಹಂಗಾಮು ಬಂತು ಅಂದರೆ ಜಮಖಂಡಿ, ಮುಧೋಳ ಕಡೆ ಕಡಿಯುವ ಗ್ಯಾಂಗ್‌ಗಳು ಬಂದಿಳಿಯುತ್ತವೆ, ಜೊತೆಗೆ ಮಕ್ಕಳೂ. ನಮ್ಮ ವಿಜಯಪುರದ ತಾಂಡಾಗಳಿಂದ ತಂದೆ ತಾಯಿ ಜೊತೆ ಹೊರಟ ಮಕ್ಕಳು ದಸರೆ ಆದ ಮೇಲೆ ಶಾಲೆ ಬಿಟ್ಟರೆ ಮರಳುವುದು ಯುಗಾದಿ ಹೊತ್ತಿಗೆ. ಸಾಲಾಗಿ ಜೋಡಿಸಿದ ಪಾಠ ಇಂಥ ಮಗುವನ್ನು ಬಿಟ್ಟು ಮುಂದೆ ಹೋಗಿರುತ್ತದೆ. ಏಣಿ ಕಾಯುತ್ತದೆ. ಆದರೆ ಐದಾರು ತಿಂಗಳ ಮೇಲೆ ಬಂದ ಮಗುವನ್ನು ಬಿಟ್ಟ ಮೆಟ್ಟಿಲಲ್ಲೇ ನಿಲ್ಲಿಸಬೇಡಿ. ಮರೆವು ಎಷ್ಟು ಬೇಗ ಆಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದಾರೆ. 15 ದಿನಕ್ಕಿಂತ ಜಾಸ್ತಿ ಆ್ಯಪ್ ತೆರೆಯದಿದ್ದರೆ ಕೆಳಗಿನ ಮೆಟ್ಟಿಲುಗಳಿಂದ ಐದು ಪ್ರಶ್ನೆ ಕೇಳಿ, ಎಲ್ಲಿ ತಪ್ಪುತ್ತದೋ ಅಲ್ಲಿಂದ ಶುರು ಮಾಡಿಸಿ. ‘ನೀನು ಹಿಂದೆ ಬಿದ್ದಿದ್ದೀಯ’ ಎಂಬ ಮಾತು ಸ್ಕ್ರೀನಿನಲ್ಲಿ ಎಲ್ಲೂ ಬೇಡ.

ಸ್ಟಾರ್ ಬಗ್ಗೆ ಜಗಳ ಬೇಡ, ಇರಲಿ. ಮೆಟ್ಟಿಲು ಹತ್ತಿದ್ದಕ್ಕೆ ಕೊಡಿ, ಮುಟ್ಟಿದ್ದಕ್ಕೆ ಕೊಡಬೇಡಿ. ಜಾಹೀರಾತು ಮಾತ್ರ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ. ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಕೇಳುತ್ತದೆ, ಅವರನ್ನು ಗುರಿಯಾಗಿಸಿದ ಜಾಹೀರಾತನ್ನು ಒಪ್ಪುವುದಿಲ್ಲ. ಹೆಸರು, ಫೋಟೋ, ಶಾಲೆ ಏನೂ ಕೇಳಬೇಡಿ. ಚಿತ್ರದ ಗುರುತು ಸಾಕು, ಉತ್ತರಗಳು ಫೋನಿನಲ್ಲೇ ಇರಲಿ.

ಈಗ ಕೆಲಸ. ಕೋಡ್ ಮುಟ್ಟಬೇಡಿ. ಮನೆಯಲ್ಲಿ ಹಳೇ ಲಗ್ನಪತ್ರಿಕೆ ಇರುತ್ತವಲ್ಲ, ಅವುಗಳ ಹಿಂಬದಿಯೇ ನಿಮ್ಮ ಸ್ಕ್ರೀನ್. ಒಂದು ಕಾರ್ಡಿಗೆ ಒಂದು ಸ್ಕ್ರೀನ್ ಬಿಡಿಸಿ. ಕಾರ್ಡಿನ ಮೂಲೆಯಲ್ಲಿ ಸಣ್ಣಗೆ ಬರೆಯಿರಿ: ಇದು ಯಾವ ಮೆಟ್ಟಿಲು, ಮಗು ಇಲ್ಲಿ ಏನು ಮಾಡುತ್ತದೆ, ಮಾಡಿದರೆ ಏನು ಗೊತ್ತಾಯಿತು, ತಪ್ಪಿದರೆ ಯಾವ ಕಾರ್ಡಿಗೆ ಹೋಗಬೇಕು. ನಾಲ್ಕರಲ್ಲಿ ಒಂದಕ್ಕೆ ಉತ್ತರ ಬರೆಯಲು ಆಗದಿದ್ದರೆ ಆ ಕಾರ್ಡ್ ಒಲೆಗೆ. ಮೊದಲ ಐದು ಮೆಟ್ಟಿಲಿಗೆ 30 ಕಾರ್ಡ್ ಆದರೆ ಜಾಸ್ತಿಯೇ ಆಯಿತು. ಅಕ್ಕನ ತರಗತಿಯ ಐದು ಮಕ್ಕಳನ್ನು ಕೂರಿಸಿಕೊಂಡು ಆಡಿಸಿ. ಚುರುಕಾದವರನ್ನು ಮಾತ್ರ ಆರಿಸಬೇಡಿ. ನೀವು ಬಾಯಿ ಮುಚ್ಚಿಕೊಂಡು ನೋಡಿ, ವಿವರಿಸಲು ಹೋಗಬೇಡಿ. ಪ್ಲೇ ಸ್ಟೋರ್‌ನಿಂದ ಆ್ಯಪ್ ಇಳಿಸಿಕೊಂಡ ಮಗುವಿನ ಪಕ್ಕ ನೀವು ಕೂತಿರುವುದಿಲ್ಲವಲ್ಲ.

ಇದರ ಜೊತೆಗೆ ಆರು ಪ್ರಶ್ನೆಯ ಒಂದು ಹಾಳೆ ಮಾಡಿ. ಬರೀ ಕಾಗದ, ಪೆನ್ಸಿಲ್. ಪಟ್ಟಿ ಭಾಗ ಮಾಡುವುದು, ರೇಖೆಯ ಮೇಲೆ 1/4 ಗುರುತಿಸುವುದು, ಆ ಜೋಡಿ ಹೋಲಿಕೆ ಪ್ರಶ್ನೆಗಳು, ಹೀಗೆ. ಆ್ಯಪ್ ಕೊಡುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ಆಮೇಲೆ ಮೂರು ವಾರ ಬಿಟ್ಟು ಇನ್ನೊಮ್ಮೆ ಅಕ್ಕ ಬರೆಸಲಿ. ಪ್ರಶ್ನೆಯ ರೀತಿ ಅದೇ ಇರಲಿ, ಅಂಕಿ ಬದಲಿಸಿ. ಮೂರನೇ ಸಲದ ಹಾಳೆಯನ್ನು ಮಾತ್ರ ನಂಬಿ. ಆ್ಯಪ್ ಒಳಗಿನ ಸ್ಕೋರ್ ನಿಮ್ಮ ಖುಷಿಗೆ ಇಟ್ಟುಕೊಳ್ಳಿ.

6ನೇ ತರಗತಿ ಸೇರಿಸಬಹುದಾ ಅಂದಿರಿ. ಈಗ ಬೇಡ. ಈಗಿರುವ ಇಪ್ಪತ್ತು ಲೆವೆಲ್‌ಗಳಲ್ಲೂ ಹದಿನಾರನ್ನು ತೆಗೆದುಬಿಡಿ ಅನ್ನುತ್ತೇನೆ. ಉಳಿದ ನಾಲ್ಕು ಎರಡನೇ ಮೆಟ್ಟಿಲಿನ ಅಭ್ಯಾಸಕ್ಕೆ ಆಗುತ್ತವೆ. ಎಳ್ಳು ಹಚ್ಚಿದ ಆ ರೊಟ್ಟಿ ಚಿತ್ರ ಇರಲಿ, ಅದನ್ನು ಮೊದಲ ಮೆಟ್ಟಿಲಿಗೆ ತನ್ನಿ. ಈ ಸಲ ಇಡೀ ರೊಟ್ಟಿ ಕೊಡಿ.